ಇವತ್ತು ಎಷ್ಟು?

ಜೆಲ್ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟಿರುತ್ತೇನೆ.
ಮಕ್ಕಳ ಎದೆಗೆ ತಣ್ಣಗಿನದು ತಾಕಬಾರದು,
ನನ್ನ ಕೈಲಿರುವುದು ಇಷ್ಟೇ.
ಸೇಂಟ್ ಜಾನ್ಸ್ ಆಸ್ಪತ್ರೆಯ ಈ ಎಕೋ ಕೋಣೆಯಲ್ಲಿ
ಹತ್ತೊಂಬತ್ತು ವರ್ಷ.
ಕಿಟಕಿಗೆ ಪರದೆ, ಪರದೆಯಾಚೆ ಬಂದರು,
ಬಂದರಿಗೆ ಮಂಜಿನ ಇನ್ನೊಂದು ಪರದೆ.

ಕ್ಲಾರಿಸ್ ಪಾರ್ಡಿ, ಹತ್ತು ವರ್ಷ.
ಅಂಗಿ ಎತ್ತಿ ಎಡಮಗ್ಗುಲಿಗೆ ತಾನೇ ಹೊರಳುತ್ತಾಳೆ.
"ಇವತ್ತು ಎಷ್ಟು?" ಅನ್ನುತ್ತಾಳೆ,
ದೋಣಿ ಕಟ್ಟೆಗೆ ತಾಗುವ ಮೊದಲೇ
ಅಪ್ಪನನ್ನು ಏಡಿಯ ತೂಕ ಕೇಳುವ ಹಾಗೆ.

ಮೂರು ವರ್ಷದ ಹಿಂದೆ ಅವಳ ಪಕ್ಕದ ಹಾಸಿಗೆಯಲ್ಲಿ
ಫೋಗೋ ದ್ವೀಪದ ಸೆಲ್ಬಿ ಟಿಜ್ಜರ್ಡ್.
ಅದೇ ವಯಸ್ಸು, ಅದೇ ರಕ್ತದ ರೋಗ,
ಅದೇ ಕೆಂಪು ಔಷಧಿ.
ಶರಬತ್ತಿನ ಕೆಂಪು. ಕೊಳವೆಯುದ್ದ ಇಳಿದರೆ
ಸಂಜೆಗೆ ಉಚ್ಚೆಯೂ ಕೆಂಪು;
ಯಾರದು ಹೆಚ್ಚೆಂದು ಇಬ್ಬರೂ ಪಂದ್ಯ ಕಟ್ಟಿ
ಬಿದ್ದು ಬಿದ್ದು ನಕ್ಕಿದ್ದರಂತೆ.
ಎತ್ತರ ಅಳೆದು, ತೂಕ ಹಿಡಿದು, ಮಿಲಿಗ್ರಾಂ ಲೆಕ್ಕ ಹಾಕಿ
ಇಬ್ಬರು ನರ್ಸುಗಳು ಎರಡೆರಡು ಸಲ ಓದಿ ಕೊಟ್ಟ ಅಳತೆ.
ತಪ್ಪಿಲ್ಲ. ಕಡತ ತೆಗೆಸಿ ನಾನೇ ನೋಡಿದೆ,
ತಪ್ಪು ಸಿಕ್ಕಲಿ ಎಂದು ಆಸೆಪಟ್ಟು.

ಸೆಲ್ಬಿಯ ಹೃದಯ ಅರವತ್ತೆರಡು.
ಹೋದ ತಿಂಗಳೂ ಅರವತ್ತೆರಡು.
ಕ್ಲಾರಿಸಳದು ಐವತ್ತೆಂಟು, ಐವತ್ತೊಂದು,
ನಲವತ್ತಾರು.

ಒಂದು ಅಕ್ಷರ, ಎಂದರು ವಂಶವಾಹಿ ಡಾಕ್ಟರು.
ಮುನ್ನೂರು ಕೋಟಿ ಅಕ್ಷರಗಳ ಬರಹದಲ್ಲಿ
ಒಂದೆಡೆ ಬೇರೆ ಅಕ್ಷರ.
ತಪ್ಪು ಅನ್ನಬೇಡಿ, ಬೇರೆ ಅನ್ನಿ.
ಹೃದಯದ ಕೋಶದ ಹೊಸ್ತಿಲಲ್ಲಿ ಕೂತು
ಒಳಬಂದ ವಿಷವನ್ನು ಹೊರಗಟ್ಟಬೇಕಾದ ಕಾವಲಿನವ
ತುಸು ನಿಧಾನಿ ಇರಬಹುದು.
ಇರಬಹುದು: ನಾಲ್ಕು ಸಲ ಅಂದರು.
ಆ ಅಕ್ಷರವಿದ್ದೂ ಗಟ್ಟಿಯಾಗಿರುವ ಮಕ್ಕಳಿದ್ದಾರೆ,
ಅದಿಲ್ಲದೆಯೂ ಸೋತ ಹೃದಯಗಳಿವೆ.

ಹಾಲು ಹಾಳಾಗುವುದೂ ಒಂದೇ ಅಕ್ಷರದಲ್ಲಿ.

ಹಣೆಬರಹ ಹಣೆಯಲ್ಲಿರಲಿಲ್ಲ, ಎಂಜಲಲ್ಲಿತ್ತು.
ಗೆರೆ ಮುಟ್ಟುವ ತನಕ ನಳಿಗೆಗೆ ಉಗುಳಿ ಎಂದರು
ಅಪ್ಪ ಅಮ್ಮನಿಗೂ. ಡೊರೀನಳಿಗೆ ಬಾಯಿ ಒಣಗಿ
ಅರ್ಧ ಗಂಟೆ ಬೇಕಾಯಿತು.
ಫಲಿತಾಂಶದ ದಿನ ಲಕೋಟೆ ಬಿಚ್ಚುವ ಮೊದಲೇ
"ನನ್ನ ಕಡೆಯದೇ" ಎಂದಳು,
ಬಸುರಲ್ಲಿ ತಿಂದದ್ದು ಕುಡಿದದ್ದು ಎಲ್ಲ ನೆನೆದಿದ್ದಳು.
ಕಾಗದದಲ್ಲಿ ರೆಗ್‌ನ ಹೆಸರಿತ್ತು.
ಅವನು ಎದ್ದು ಹೋದ.
ತಿರುಗಿ ಬಂದಾಗ ಕೈಯಲ್ಲಿ ಎರಡು ಕಾಫಿ,
ಅವಳದಕ್ಕೆ ಸಕ್ಕರೆ ಹಾಕಿ ಕಲಕಿಯೇ ತಂದಿದ್ದ.

ನಾನು ಯೋಚಿಸುವುದು ಇದನ್ನು:
ಎಷ್ಟು ತಲೆಮಾರಿನಿಂದ ಇತ್ತೋ ಪಾರ್ಡಿಗಳ ಮೈಯಲ್ಲಿ.
ಕಾಡ್ ಮೀನು ಸೀಳಿತು, ಹಿಮದಲ್ಲಿ ಸೌದೆ ಎಳೆಯಿತು,
ಮದುವೆಗಳಲ್ಲಿ ಬೆಳಗಿನ ತನಕ ಕುಣಿಯಿತು,
ಯಾರ ಎದೆಯನ್ನೂ ನೋಯಿಸಲಿಲ್ಲ.
ಈ ಕೆಂಪು ಬಂದು ಬೆರಳಿಟ್ಟು ಓದುವ ತನಕ
ಆ ಅಕ್ಷರಕ್ಕೆ ಅರ್ಥವೇ ಇರಲಿಲ್ಲ.
ಕೆಂಪು ಬಾರದಿದ್ದರೆ
ಕ್ಲಾರಿಸಳೂ ಇರುತ್ತಿರಲಿಲ್ಲ.

ಲ್ಯಾಬ್ರಡಾರಿನಿಂದ ನಾಳೆ ನಾಲ್ಕು ವರ್ಷದ ಹುಡುಗ ಬರುತ್ತಾನೆ.
ಮೊದಲ ಹನಿಗೆ ಮುಂಚೆಯೇ ಅವನ ಎಂಜಲು ಓದಿಯಾಗಿದೆ;
ಹೃದಯ ಕಾಯುವ ಇನ್ನೊಂದು ಔಷಧಿ ಬರೆದಿಟ್ಟಿದ್ದಾರೆ.
ಅಷ್ಟು ಕಲಿತೆವು.
ಯಾರ ಖರ್ಚಿನಲ್ಲಿ, ಅದನ್ನು ಕಡತದಲ್ಲಿ ಬರೆಯುವುದಿಲ್ಲ.

ಪರದೆಯ ಮೇಲೆ ಕವಾಟ ತೆರೆದು ಮುಚ್ಚುತ್ತದೆ.
"ಸೀಲ್ ಚಪ್ಪಾಳೆ ತಟ್ಟುತ್ತಿದೆ" ಅನ್ನುತ್ತಾಳೆ. "ಸುಸ್ತಾದ ಸೀಲ್."
ಗೆರೆ ಎಳೆಯುತ್ತೇನೆ, ಅಳಿಸಿ ಮತ್ತೆ ಎಳೆಯುತ್ತೇನೆ.
ಮಕ್ಕಳಿಗೆ ಅಂಕಿ ಹೇಳಬಾರದೆಂದು ನಿಯಮ.

"ನಲವತ್ತೆಂಟು."

ಹೊರಗೆ ಬೆಂಚಿನ ಮೇಲೆ
ಅವಳ ಬೂಟು ಮಡಿಲಲ್ಲಿಟ್ಟುಕೊಂಡು ಸೆಲ್ಬಿ ಕೂತಿದ್ದಾನೆ.
ತನ್ನದೂ ನಲವತ್ತಾರೇ ಎಂದು
ಒಂದು ವರ್ಷದಿಂದ ಅವಳಿಗೆ ಸುಳ್ಳು ಹೇಳುತ್ತಿದ್ದಾನೆ.

ಎದೆಯ ಜೆಲ್ ಒರೆಸುವುದಕ್ಕೂ ಬಿಡದೆ ಎದ್ದು ಕೂತಳು:
"ಅವನಿಗಿಂತ ಎರಡು ಜಾಸ್ತಿ! ಹೇಳಿಬಿಡಲಾ?"

ಹೇಳು, ಎಂದೆ.